ಫ್ಯೂಸ್ ಕಾರ್ಯದರ್ಶಿ

ಎರಡೇ ಸೀಟಿನ ಕಾರನ್ನು ಕಂಡುಹಿಡಿದವನು ಜೀವಮಾನದಲ್ಲಿ ಒಂದೇ ಒಂದು ಮೀಟಿಂಗು ನಡೆಸಿದವನಲ್ಲ. ನಮ್ಮ ಹೋರಾಟದ ಜೀಪಿನಲ್ಲಿ ಹದಿನೇಳು ಜನ, ಎರಡು ಮೈಕು, ಒಂದು ಬ್ಯಾಟರಿ, ಅವಲಕ್ಕಿಯ ಚೀಲ, ಇಷ್ಟೂ ಹಿಡಿಸುತ್ತಿತ್ತು. ಹಿಡಿಸದವರು ಬಾನೆಟ್ಟಿನ ಮೇಲೆ ಕೂತು ಘೋಷಣೆ ಕೂಗುತ್ತಿದ್ದರು. ಅಂಥ ಜೀಪು ಓಡಿಸಿದ ನನ್ನ ಅಂಗಳದಲ್ಲಿ ಏಳು ತಿಂಗಳಿಂದ ಒಂದು ಸ್ಪೋರ್ಟ್ಸ್ ಕಾರು ನಿಂತಿದೆ. ಬಣ್ಣ ಕೆಂಪು. (ಬಣ್ಣದ ಬಗ್ಗೆ ನನ್ನ ತಕರಾರಿಲ್ಲ.) ಆಕಾರ ಮಾತ್ರ ಆನೆ ಕೂತು ಎದ್ದುಹೋದ ಜೀಪಿನದು. ಒಳಗೆ ಹೊಕ್ಕರೆ ಮೊಣಕಾಲು ಕಿವಿಗೆ ತಾಗುತ್ತದೆ, ಹೊರಬರಲು ಇಬ್ಬರು ಎಳೆಯಬೇಕು, ಹೆದ್ದಾರಿಗೆ ಹೋದರೆ ಪಕ್ಕದ ಲಾರಿಯ ಚಕ್ರವನ್ನು ದೇವರ ದರ್ಶನ ಮಾಡಿದ ಹಾಗೆ ಕತ್ತೆತ್ತಿ ನೋಡಬೇಕು.

ಕಾರು ನನ್ನದಲ್ಲ. ನನ್ನ ಹೆಂಡತಿ ನೀತಾಳ ಅಣ್ಣನ ಮಗ ರೂಪೇಶನದು. ಅವನು ಕಾರವಾರದಾಚೆಯ ಮಾಜಾಳಿಯವನು. ದಿನಾ ಗಡಿ ದಾಟಿ ಗೋವಾದ ಹೋಟೆಲೊಂದಕ್ಕೆ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿ ಊರು ಬಿಟ್ಟು ಹೊರಟಿದ್ದ ಯಾರೋ ಒಬ್ಬ ಈ ಹಳೇ ಕಾರನ್ನು ಇವನ ಕೊರಳಿಗೆ ಕಟ್ಟಿ ಹೋದ. ಮಾಜಾಳಿಯ ಇವನ ಓಣಿಯಲ್ಲಿ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ‘ಅತ್ತೆ, ನಿನ್ನ ಅಂಗಳದಲ್ಲಿರಲಿ’ ಎಂದು ಅಂಕೋಲೆಗೆ ತಂದು ನಿಲ್ಲಿಸಿ, ಬೀಗದ ಕೈಯನ್ನು ನಮ್ಮ ದೇವರ ಪಟದ ಮೊಳೆಗೆ ತೂಗುಹಾಕಿ ಹೋದ.

ಬಂದ ಕಾರು ಸುಮ್ಮನೆ ನಿಂತಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ನೀತಾ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಗ್ಗಿ ಹೇಳಿಸಿ ನಿವೃತ್ತಳಾದವಳು. ಕಾರು ಬಂದ ಮೂರನೇ ಬೆಳಿಗ್ಗೆ ನನ್ನ ಮುಂದೆ ಚಹದ ಲೋಟ ಕುಕ್ಕಿದಳು.

“ನಾ ಡ್ರೈವಿಂಗ್ ಕಲೀತೆ.”

“ಅರವತ್ತೊಂದಕ್ಕೆ? ಎಂತಕೆ?”

“ಜಗಳ ಆದಾಗ ಮಾಜಾಳಿಗೆ ಹೋಗೂಕೆ.”

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ.

“ನಗೂದೆಂತಕೆ? ಸಿಟ್ಟು ಬಂದದೆ ಹೇಳಿ ಚೀಲ ತಕಂಡು ಬಸ್‌ಸ್ಟ್ಯಾಂಡಿಗೆ ಹೋಗ್ತೆ. ಅಲ್ಲಿ ಬಸ್ಸಿಲ್ಲ. ಎಂತಕೆ ಇಲ್ಲ? ನೀವು, ನಿಮ್ಮ ಆ ಸಂಗಾತಿ ಮಾಸ್ತಿ ಸೇರಿ ರಸ್ತೆ ಬಂದ್ ಮಾಡೀರಿ! ಕಾಯ್ತಾ ಕಾಯ್ತಾ ಸಿಟ್ಟು ಇಳಿತದೆ. ಕಡಿಗೆ ನಾಲ್ಕು ಬಂಗಡೆ ಮೀನು ತಕಂಡು ಮನಿಗೇ ಬರ್ತೆ. ಮೂವತ್ತಾರು ವರ್ಷದಲ್ಲಿ ಒಂದು ಸಲನಾದ್ರೂ ಸರೀ ಸಿಟ್ಟಲ್ಲಿ ತವರು ಮುಟ್ಟೀನಾ ನಾನು? ಒಂದ್ಸಲ?”

ರಸ್ತೆ ತಡೆಯಿಂದ ಜನರಿಗಾಗುವ ತೊಂದರೆಗಳ ಬಗ್ಗೆ ಎಷ್ಟೋ ಜನ ನನಗೆ ಭಾಷಣ ಬಿಗಿದಿದ್ದಾರೆ. ಆದರೆ ತಣ್ಣಗಾಗಿ ಹೋದ ದಾಂಪತ್ಯದ ಸಿಟ್ಟನ್ನು ಆ ಪಟ್ಟಿಯಲ್ಲಿ ಯಾರೂ ಸೇರಿಸಿರಲಿಲ್ಲ.

ಹೀಗೆ ಕಾರಿನ ಮುಂದೆ ಹಿಂದೆ ಕಲಿಕೆಯ ‘ಎಲ್’ ಫಲಕ ಅಂಟಿತು. ಜೀಪಿನ ಕಾಲದ ಲೈಸೆನ್ಸ್ ಇದ್ದ ಪಾಪಕ್ಕೆ ಪಕ್ಕದ ಸೀಟಿನಲ್ಲಿ ನಾನು ಅಂಟಿದೆ. ಮೊದಲ ಪರೀಕ್ಷೆಯನ್ನು ನೀತಾ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕೊಟ್ಟು ಫೇಲಾದಳು. ಸೀಟು ಎತ್ತರವಾಗಿ ಕಾಲು ನಿಲುಕಲಿಲ್ಲವಂತೆ. “ಈ ಕೆಂಪು ಕಾರಿನ ಕ್ಲಚ್ಚು ನನ್ನ ಮಾತು ಕೇಳ್ತದೆ, ನಿಮ್ಮ ಹಾಂಗಲ್ಲ. ಎರಡನೇ ಸಲ ಇದರಲ್ಲೇ” ಎಂದು ಹಟ ಹಿಡಿದಳು. ಎರಡನೇ ಪರೀಕ್ಷೆ ಶುಕ್ರವಾರ ಹನ್ನೊಂದು ಗಂಟೆಗೆ, ಕಾರವಾರದಲ್ಲಿ. ಅದೇ ಸಂಜೆಗೆ ಅವಳ ಆರು ತಿಂಗಳ ಕಲಿಕೆಯ ಲೈಸೆನ್ಸಿನ ಆಯುಷ್ಯ ಮುಗಿಯುತ್ತಿತ್ತು. ತಪ್ಪಿದರೆ ಅರ್ಜಿ, ಫೋಟೋ, ಕಂಪ್ಯೂಟರಿನ ಪ್ರಶ್ನೆ, ಎಲ್ಲ ಮತ್ತೆ ಒಂದರಿಂದ.

ಗುರುವಾರ ಬೆಳಿಗ್ಗೆ ಫ್ಯೂಸ್ ಬಾಕ್ಸು ಅವಳ ಪಾದದ ಮೇಲೆ ಬಿತ್ತು.

ಅದು ಮೊದಲಿನಿಂದಲೂ ಸಡಿಲವೇ. ಸ್ಟೀರಿಂಗಿನ ಕೆಳಗೆ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ರೂಪೇಶ ರಟ್ಟಿನ ತುಂಡೊಂದನ್ನು ತುರುಕಿ, “ಭಾನುವಾರ ರೋಷನನ್ನ ಕರ್ಕಂಡು ಬರ್ತೆ. ಅಲ್ಲೀವರೆಗೆ ಯಾರೂ ಮುಟ್ಟೂದು ಬೇಡ. ಮಾಮಾ, ನಿಂಗೇ ಹೇಳೂದು” ಎಂದು ಹೋಗಿದ್ದ. ರೋಷನ ಎಂದರೆ ಕಾರುಗಳ ವೈರಿಂಗ್ ಮಾಡುವವನು. ನನ್ನ ಮನೆಯ ಫ್ಯಾನಿಗೆ ನಾನು ಹಾಕಿದ ಸ್ವಿಚ್ಚನ್ನು ನೋಡಿ ಒಮ್ಮೆ ಹತ್ತು ನಿಮಿಷ ನಕ್ಕವನು.

“ರೋಷನಿಗೆ ಫೋನ್ ಮಾಡಿ” ಎಂದಳು ನೀತಾ, ಪಾದ ಹಿಡಿದುಕೊಂಡು.

“ನಾನು ಸತ್ತಿದ್ದೇನಾ?” ಎಂದೆ.

ಇಲ್ಲಿ ನನ್ನ ಅರ್ಹತೆಯನ್ನು ತಮ್ಮ ಅವಗಾಹನೆಗೆ ತರಬೇಕು. ನಮ್ಮ ಕಾಲದ ರಸ್ತಾ ರೋಕೋಗೆ ಒಂದು ಶಾಸ್ತ್ರವಿತ್ತು. ಜೀಪನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಮೂರು ಸಲ ಉದ್ದಕ್ಕೆ ಹಾರ್ನ್ ಹೊಡೆಯುವುದು. ಕೇಳಿದವರೆಲ್ಲ ಇದ್ದ ಕೆಲಸ ಬಿಟ್ಟು ರಸ್ತೆಗೆ ಬರಬೇಕು ಎಂದು ಅದರ ಅರ್ಥ. ಪೊಲೀಸರು ಕಂಡ ಕೂಡಲೇ ಫ್ಯೂಸ್ ಕಿತ್ತು ಕಿಸೆಗೆ ಹಾಕುವುದು. ಆಮೇಲೆ ಇಡೀ ಠಾಣೆಯೇ ಬಂದು ತಿಣುಕಿದರೂ ಜೀಪು ಸ್ಟಾರ್ಟ್ ಆಗುತ್ತಿರಲಿಲ್ಲ, ಬೆವರು ಸುರಿಸಿ ತಳ್ಳಬೇಕು. ಆ ಫ್ಯೂಸ್ ಕೀಳುವ ಹೊಣೆ ನನ್ನದು. ಠರಾವು ಪುಸ್ತಕದಲ್ಲಿ ನಾನು ‘ಸಹ ಕಾರ್ಯದರ್ಶಿ’. ಅಂಕೋಲೆಯಿಂದ ಕಾರವಾರದವರೆಗೆ ಜನರ ಬಾಯಲ್ಲಿ ‘ಫ್ಯೂಸ್ ಕಾರ್ಯದರ್ಶಿ’. ಖಾಕಿ ಕಂಡರೆ ಸಾಕು, ಕೈ ತಾನಾಗಿ ಹೋಗುತ್ತಿತ್ತು. ಕಿತ್ತದ್ದು ನನಗೇ ಗೊತ್ತಾಗುತ್ತಿರಲಿಲ್ಲ. (ಮತ್ತೆ ಹಾಕುವ ಕೆಲಸ ಬೇರೊಬ್ಬನದಾಗಿತ್ತು. ಅದನ್ನು ನೀತಾಳಿಗೆ ಹೇಳಿರಲಿಲ್ಲ. ಎಲ್ಲವನ್ನೂ ಹೇಳಿದರೆ ಮದುವೆ ನಿಲ್ಲುವುದಿಲ್ಲ.)

ಕಾಮಗಾರಿ ಆರಂಭವಾಯಿತು. ತಲೆ ಪೆಡಲುಗಳ ಹತ್ತಿರ, ಬೆನ್ನು ಸೀಟಿನ ಮೇಲೆ, ಕಾಲುಗಳೆರಡೂ ಬಾಗಿಲಿನಿಂದ ಹೊರಗೆ. ಬೇಲಿಯಾಚೆ ಹೋಗುವವರು ನಿಂತು, “ಎಂತಾ ಆಯ್ತ್ರ, ಉಸ್ರಾಡ್ತಾರಾ?” ಎಂದು ನೀತಾಳನ್ನು ಕೇಳಿ ಹೋಗುತ್ತಿದ್ದರು. ಅವಳು ಟಾರ್ಚು ಹಿಡಿದಿದ್ದಳು. ಬೆಳಕು ನನ್ನ ಮೂಗಿನ ಹೊಳ್ಳೆಯ ಮೇಲೆ ಬಿಟ್ಟು ಬೇರೆಲ್ಲೂ ಬೀಳುತ್ತಿರಲಿಲ್ಲ.

“ಎಡಕ್ಕೆ ಹಿಡಿಯೇ.”

“ಯಾರ ಎಡ? ನೀವು ತಲೆಕೆಳಗಾಗಿ ಬಿದ್ದೀರಿ.”

“ನನ್ನ ಎಡ! ನಾವು ಯಾವತ್ತೂ ಎಡವೇ!”

“ಅದ್ಕೇ ಎಲ್ಲೂ ಮುಟ್ಟಲಿಲ್ಲ.”

ಬಾಕ್ಸಿನ ಕೊಂಡಿ ಮುರಿದಿತ್ತು. ಸೈಕಲ್ ಟ್ಯೂಬಿನ ಪಟ್ಟಿ ಬಿಗಿದೆ. ಅದರ ಮೇಲೆ ಅಟ್ಟದಲ್ಲಿದ್ದ ಹಳೇ ಬ್ಯಾನರಿನ ಬಟ್ಟೆ ಹರಿದು ಕಟ್ಟಿದೆ. ಕಟ್ಟಿ ನೋಡಿದರೆ ಗಂಟಿನ ಮೇಲೆ ‘ಬಿಡೆವು’ ಎಂಬ ಅಕ್ಷರ ಸರಿಯಾಗಿ ಎದ್ದುಕಾಣುತ್ತಿತ್ತು. ಶುಭಶಕುನ ಎಂದುಕೊಂಡೆ. ಇನ್ನು ಉಳಿದದ್ದು ಕಳಚಿಬಿದ್ದ ಎರಡು ವೈರು, ಒಂದು ಕೆಂಪು, ಒಂದು ಕಪ್ಪು. ಬಾಕ್ಸಿನಲ್ಲಿ ಖಾಲಿ ಕಿಂಡಿಯೂ ಎರಡು, ಒಂದು ಮುಂದೆ, ಒಂದು ಹಿಂದೆ. ಯಾವುದು ಎಲ್ಲಿಗೆ? ರೋಷನನಂಥ ಕೂಲಿ ತಂತ್ರಜ್ಞನಾದರೆ ದೀಪ ಹಿಡಿದು ಪರೀಕ್ಷೆ ಮಾಡುತ್ತಿದ್ದ. ನನಗೆ ಸಿದ್ಧಾಂತದ ಬಲವಿತ್ತು. ಮೆರವಣಿಗೆಯಲ್ಲಿ ಕೆಂಪು ಬಾವುಟ ಮುಂದೆ, ಕಪ್ಪು ಬಾವುಟ ಹಿಂದೆ. ಮೂವತ್ತು ವರ್ಷ ಹಾಗೆಯೇ ನಡೆದಿದ್ದೇವೆ, ಯಾರೂ ಎಡವಿಲ್ಲ. ಕೆಂಪನ್ನು ಮುಂದಿನ ಕಿಂಡಿಗೆ, ಕಪ್ಪನ್ನು ಹಿಂದಿನ ಕಿಂಡಿಗೆ ಚುಚ್ಚಿದೆ.

ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು! ನೀತಾ ಬಾಯಿ ತೆರೆದು ನನ್ನನ್ನೇ ನೋಡಿದಳು. ಮದುವೆಯಲ್ಲಿಯೂ ಹಾಗೆ ನೋಡಿದವಳಲ್ಲ.

ಪರೀಕ್ಷಾರ್ಥ ಸವಾರಿಗೆ ಕೇಣಿಗೆ ಹೊರಟೆವು. ಕಡಲ ದಂಡೆಯ ರಸ್ತೆಯ ಅಂಚಿನಲ್ಲಿ ನಮ್ಮ ಪರಿಚಯದ ಸುಬ್ಬಿ ಮೀನು ಒಣಹಾಕುತ್ತಿದ್ದಳು. ನೀತಾ ಮರ್ಯಾದೆಯಿಂದ ಬ್ರೇಕ್ ಒತ್ತಿದಳು.

ಪೊಂಯ್ಯ್ಯ್!

ಸುಬ್ಬಿ ಬುಟ್ಟಿ ಬಿಟ್ಟು ಹಾರಿದಳು. ಗಾಬರಿಯಲ್ಲಿ ನೀತಾ ಮತ್ತೆ ಬ್ರೇಕ್ ಒತ್ತಿದಳು. ಮತ್ತೆ ಪೊಂಯ್ಯ್ಯ್!

“ಏ ಟೀಚರಮ್ಮಾ! ರಸ್ತಿ ಸಾಕಾಗೂದಿಲ್ವನ ನಿಂಗೆ? ಎಷ್ಟ್ ಬೈತಿಯೇ!”

“ನಾ ಬೈಲಿಲ್ಲೆ ಸುಬ್ಬಿ, ಬ್ರೇಕ್ ಹಾಕ್ದೆ!”

“ಬ್ರೇಕ್ ಹಾಕೂದು ಹಾಕು. ಕೂಗೂದೆಂತಕೆ?”

ಬ್ರೇಕ್ ಒತ್ತಿದರೆ ಹಾರ್ನ್ ಕೂಗುತ್ತಿತ್ತು. ಹಾರ್ನ್ ಒತ್ತಿದರೆ ಹಿಂದಿನ ಬ್ರೇಕ್ ದೀಪ ಮೌನವಾಗಿ ಹೊತ್ತಿಕೊಳ್ಳುತ್ತಿತ್ತು. ನಾನು ಎದೆಗುಂದಲಿಲ್ಲ. “ನೋಡು, ನಿಲ್ಲುವ ಮೊದಲು ನಾಲ್ಕು ಜನಕ್ಕೆ ತಿಳಿಸಿ ನಿಲ್ಲುವುದು. ಇದು ಪ್ರಜಾಪ್ರಭುತ್ವ” ಎಂದೆ. ನೀತಾ ಕಾರನ್ನು ತಿರುಗಿಸಿ ಮನೆಗೆ ಬಂದು ರೋಷನಿಗೆ ಫೋನು ಹಚ್ಚಿದಳು. ಅವನು ಊರಲ್ಲಿರಲಿಲ್ಲ, ಭಾನುವಾರವೇ ಬರುವುದು. ಊಟ ಬಡಿಸುತ್ತ ನೀತಾ ಹೇಳಿದಳು: “ನಡೀಲಿ. ಕೂಗ್ಲಿ. ಕಾರವಾರ ಮುಟ್ಟಿದ ಮೇಲೆ ಅಲ್ಲೇ ಯಾರಿಗಾದ್ರೂ ತೋರಿಸ್ತೆ. ಪರೀಕ್ಷೆ ಮಾತ್ರ ಬಿಡೂದಿಲ್ಲ.” ನಾನು ಬಾಕ್ಸಿನ ಗಂಟು ತೋರಿಸಿದೆ, ಅದರ ಮೇಲೂ ಅದೇ ಬರೆದಿದೆ ಎಂದು. ಅವಳು ನನ್ನನ್ನು ನೋಡಿದ ನೋಟಕ್ಕೆ ಬ್ಯಾನರು ಬಣ್ಣ ಬಿಟ್ಟಿತು.

ಶುಕ್ರವಾರ ಒಂಬತ್ತಕ್ಕೆ ಹೊರಟೆವು. ಹೆದ್ದಾರಿಯಲ್ಲಿ ನೀತಾ ಚೆನ್ನಾಗಿಯೇ ಓಡಿಸಿದಳು. ಬ್ರೇಕ್ ಹಾಕಿದಾಗೆಲ್ಲ ಮುಂದಿನವರು ತಿರುಗಿ ಶಪಿಸಿದ್ದು ಬಿಟ್ಟರೆ ಅಮದಳ್ಳಿ ದಾಟುವವರೆಗೆ ಎಲ್ಲ ಸುರಳೀತ. ಅರ್ಗಾ ಬಂತು. ನೌಕಾನೆಲೆಯ ಗೋಡೆ ಕಂಡ ಕೂಡಲೇ ನನಗೆ ಚಹದ ನೆನಪು. ನೌಕಾನೆಲೆಗೆ ಜಮೀನು ಕಳೆದುಕೊಂಡವರ ಪರಿಹಾರದ ಹೋರಾಟದ ದಿನಗಳಲ್ಲಿ ಈ ಗೋಡೆಯ ಎದುರೇ ನಾವು ಬಿದ್ದಿರುತ್ತಿದ್ದದ್ದು. ಆಗಿನ ಸಂಗಾತಿ ಮಾಸ್ತಿ ಈಗ ಅಲ್ಲೇ ರಸ್ತೆಯ ಆಚೆ ಬದಿಗೆ ಗೂಡಂಗಡಿ ಇಟ್ಟುಕೊಂಡಿದ್ದಾನೆ.

“ಮಾಸ್ತಿ ಅಂಗಡಿಲಿ ಒಂದರ್ಧ ಚಾ ಕುಡಿವನೆ. ಟೈಮ್ ಇದೆ.”

“ಬೇಡ.”

“ಪರೀಕ್ಷೆಗೆ ಮೊದಲು ಗಂಟಲು ಒಣಗಬಾರದು.”

“ನಾ ಹಾಡೂಕೆ ಹೋಗೂದಲ್ಲ.” ಆದರೂ, ಅವಳಿಗೂ ಚಹ ಬೇಕೆನಿಸಿರಬೇಕು, ರಸ್ತೆಯ ನಡುವಿನ ಕಟ್ಟೆ ಒಡೆದಲ್ಲಿ ಕಾರನ್ನು ಹೊರಳಿಸಿದಳು. ಎದುರು ಒಂದು ಟ್ಯಾಂಕರು. ಬ್ರೇಕ್. ಪೊಂಯ್ಯ್ಯ್! ಹಿಂದೆ ಒಂದು ಬಸ್ಸು. ಬ್ರೇಕ್. ಪೊಂಯ್ಯ್ಯ್! ಕಾರಿನ ಹೊಟ್ಟೆ ಯಾವುದಕ್ಕೋ ಧಡ್ ಎಂದಿತು. ಬ್ರೇಕ್. ಪೊಂಯ್ಯ್ಯ್! ‘ಬಿಡೆವು’ ಎಂದಿದ್ದ ಗಂಟು ಬಿಟ್ಟಿತು. ಬಾಕ್ಸು ಕೆಳಗೆ ಬಿತ್ತು. ಎಂಜಿನ್ನು ನಿಂತಿತು. ಕೆಂಪು ಕಾರು ಹೆದ್ದಾರಿಗೆ ಸರಿಯಾಗಿ ಅಡ್ಡ.

ಮೂರು ಸಲ, ಉದ್ದಕ್ಕೆ.

ನಾನು ಬಾಗಿ ಬಾಕ್ಸನ್ನು ಮೇಲೆತ್ತಿ ಒತ್ತಿ, ಸುಟ್ಟಿದೆಯೋ ಏನೋ ಎಂದು ದೊಡ್ಡ ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿಯುವಷ್ಟರಲ್ಲಿ ಗೂಡಂಗಡಿಯಿಂದ ಮಾಸ್ತಿ ಓಡಿ ಬರುತ್ತಿದ್ದ. ಎಪ್ಪತ್ತು ದಾಟಿದೆ, ಲುಂಗಿ ಮೊಣಕಾಲಿನ ಮೇಲಕ್ಕೆ ಕಟ್ಟಿದ್ದಾನೆ, ಕೈಯಲ್ಲಿ ಬಿಸ್ಕಿಟ್ ಡಬ್ಬಿಗಳ ಹಿಂದೆ ಅಡಗಿಸಿಟ್ಟಿದ್ದ ಬಾವುಟ. ಹಿಂದೆ ಚಹ ಕುಡಿಯುತ್ತಿದ್ದ ಆರು ಜನ, ಲೋಟ ಸಮೇತ. ಇಬ್ಬರು ಸೇರಿ ನನ್ನನ್ನು ಕಾರಿನಿಂದ ಹೊರಗೆಳೆದರು.

“ಶಾಂತಾರಾಮಾ! ಮೂರು ಹಾರ್ನ್ ಕೇಳ್ತು! ಜೀವ ಬಂತು ನೋಡು ಮೈಗೆ! ಮೊದ್ಲೇ ಒಂದು ಮಾತು ಹೇಳೂಕೆ ಆಗೂದಿಲ್ವಾ?”

“ಮಾಸ್ತಿ, ಇದು ರಸ್ತಾ ರೋಕೋ ಅಲ್ಲ, ಗಾಡಿ...”

“ಗೊತ್ತು, ಗೊತ್ತು. ಮೊದ್ಲು ಹಂಗೇ ಹೇಳೂದು” ಎಂದು ಕಣ್ಣು ಹೊಡೆದು ರಸ್ತೆಯ ಮೇಲೆ ಪದ್ಮಾಸನ ಹಾಕಿಯೇಬಿಟ್ಟ. ಆರೂ ಜನ ಕೂತರು. ಬಸ್ಸಿನಿಂದ ಇಳಿದ ಇಬ್ಬರು, ನೆರಳಿದೆಯೆಂದೋ ಏನೋ, ಅವರೂ ಕೂತರು. ಹಿಂದೆ ಲಾರಿಗಳ ಸಾಲು ಬೆಳೆಯಿತು. ಆಗ ಮಾಸ್ತಿ ನನ್ನ ಕಿವಿಯಲ್ಲಿ ಕೇಳಿದ, “ಬೇಡಿಕೆ ಎಂತದಾ?”

ರಸ್ತೆ ತಡೆದ ಮೇಲೆ ಬೇಡಿಕೆ ಹುಡುಕಿದ ಚಳವಳಿ ನಾನು ಕಂಡಂತೆ ಇದೊಂದೇ. ಕೊನೆಗೆ ಮಾಸ್ತಿಯೇ ತೀರ್ಮಾನಿಸಿದ: ಎಕ್ಸ್‌ಪ್ರೆಸ್ ಬಸ್ಸುಗಳು ಅರ್ಗಾದ ತಿರುವಿನಲ್ಲಿ ನಿಲ್ಲಬೇಕು. (ಆಗ ನೋಡಿದರೆ ನಾಲ್ಕು ನಿಂತಿದ್ದವು.)

ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಎಳೆಯ ಸಬ್ ಇನ್ಸ್‌ಪೆಕ್ಟರು ಇಳಿದ. ಜೀಪು ಓಡಿಸಿಕೊಂಡು ಬಂದವಳು ವಿಜೇತಾ ಎಂಬ ಕಾನ್‌ಸ್ಟೇಬಲ್ ಹುಡುಗಿ, ಹೆಸರು ಎದೆಯ ಪಟ್ಟಿಯ ಮೇಲಿತ್ತು. ಕಾರಿನೊಳಗಿನಿಂದ ನೀತಾ, “ಹತ್ತು ಗಂಟೆ ಆಯ್ತು! ಗಾಡಿ ಹಾಳಾಗ್ಯದೆ ಹೇಳಿ ಹೇಳಿ ಅವ್ರಿಗೆ! ತಳ್ಳೂಕೆ ಹೇಳಿ!” ಎಂದು ಕೂಗುತ್ತಿದ್ದಳು. ಹೇಳಬಹುದಿತ್ತು. ಆದರೆ ಮಾಸ್ತಿ ನನ್ನನ್ನೇ ನೋಡುತ್ತಿದ್ದ. ಹದಿನೈದು ವರ್ಷದಿಂದ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ನಾಲ್ಕು ಜನ ಮೊಬೈಲು ಎತ್ತಿ ಹಿಡಿದಿದ್ದರು. ಈ ಕಾರಿನ ಬಾನೆಟ್ಟನ್ನು ಹತ್ತುವ ಪ್ರಮೇಯವೇ ಇಲ್ಲ, ಸುಮ್ಮನೆ ಕೂತರೆ ಸಾಕು. ಕೂತೆ. ಬಾಯಿ ತೆರೆದೆ. ಬ್ರಿಟಿಷರ ಉಪ್ಪಿನಿಂದ ಹಿಡಿದು ಎಕ್ಸ್‌ಪ್ರೆಸ್ ಬಸ್ಸಿನವರೆಗೆ ಹದಿನೆಂಟು ನಿಮಿಷ ಮಾತಾಡಿದೆ.

ಸಬ್ ಇನ್ಸ್‌ಪೆಕ್ಟರು ಪಾಪದವನು. “ಮನವಿ ಕೊಡಿ ಅಜ್ಜಾ, ಮೇಲಿನವ್ರಿಗೆ ಕಳಿಸ್ತೆ. ಈಗ ರಸ್ತೆ ಬಿಡಿ” ಎಂದ. ಮಾಸ್ತಿ ಚಹದ ಪುಡಿಯ ಕಾಗದದ ಮೇಲೆ ಮನವಿ ಬರೆದುಕೊಟ್ಟ. ಜಯಘೋಷ! ನಾನು ಬಾನೆಟ್ಟಿನಿಂದ ಎದ್ದು ಸೇನಾಪತಿಯ ಹಾಗೆ ಕೈ ಬೀಸಿ, “ಗಾಡಿ ತೆಗೆಯೇ” ಎಂದೆ.

ನೀತಾ ಕೀಲಿ ತಿರುವಿದಳು. ಕಾರು ಕಮಕ್ ಕಿಮಕ್ ಎನ್ನಲಿಲ್ಲ.

ವಿಜೇತಾ ಬಂದು ಬಾಗಿ ನೋಡಿದಳು. “ಬಾಕ್ಸೇನೋ ಕೂತದೆ. ಆದ್ರೆ ಮೇನ್ ಫ್ಯೂಸೇ ಇಲ್ಲ ಇದ್ರಲ್ಲಿ.”

“ಇಲ್ಲೇ ಎಲ್ಲೋ ಬಿದ್ದಿರಬೇಕು” ಎಂದೆ. ನಿಜವಾಗಿಯೂ ಹಾಗೆಯೇ ನಂಬಿದ್ದೆ. ಹುಡುಕಾಟ ಶುರುವಾಯಿತು. ಚಳವಳಿಗಾರರು, ಪೊಲೀಸರು, ಲಾರಿ ಚಾಲಕರು, ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರು, ಎಲ್ಲರೂ ಹೆದ್ದಾರಿಯ ಮೇಲೆ ಮೊಣಕಾಲೂರಿ ಹುಡುಕಿದರು. ಅಷ್ಟು ಒಗ್ಗಟ್ಟನ್ನು ನಮ್ಮ ಸಂಘಟನೆ ಅದರ ಉಚ್ಛ್ರಾಯ ಕಾಲದಲ್ಲೂ ಕಂಡಿರಲಿಲ್ಲ. ಹತ್ತೂ ಮೂವತ್ತು ದಾಟಿತು.

ನೀತಾ ಹುಡುಕಲಿಲ್ಲ. ವಿಜೇತಾ ಕೈಕೊಟ್ಟು ಎಳೆದಾಗ ಕಾರಿನಿಂದ ಹೊರಬಂದಳು, ಸೆರಗು ಸರಿಮಾಡಿಕೊಂಡಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಹೋಯ್. ಹತ್ರ ಬನ್ನಿ.”

ಹೋದೆ. ಶಾಲೆಯಲ್ಲಿ ಮಕ್ಕಳ ಕಿಸೆಯಿಂದ ಗೋಲಿ ತೆಗೆಯುವ ಹಾಗೆ ಎರಡು ಬೆರಳನ್ನು ನನ್ನ ಅಂಗಿಯ ಎಡಗಿಸೆಗೆ ಇಳಿಸಿದಳು. ಕನ್ನಡಕದ ಡಬ್ಬಿ ಬಂತು. ಬೀಡಿಕಟ್ಟು ಬಂತು. (ಬಿಟ್ಟಿದ್ದೇನೆ ಎಂದು ಹೇಳಿದ್ದೆ.) ಕೊನೆಗೆ ಫ್ಯೂಸು ಬಂತು.

ಮೊಣಕಾಲೂರಿದ್ದವರೆಲ್ಲ ಧೂಳು ಕೊಡವಿಕೊಂಡು ಎದ್ದರು. ಮಾಸ್ತಿ ಮಾತ್ರ ಮೆಲ್ಲಗೆ, “ಅಭ್ಯಾಸ ಹೋಗಲಿಲ್ಲ ನೋಡು ಹುಲಿಗೆ” ಎಂದ, ಅಭಿಮಾನದಿಂದ.

ಸಿಟ್ಟು ನೆತ್ತಿಗೇರಿದರೆ ನೀತಾ ಕನ್ನಡ ಬಿಟ್ಟು ತವರಿನ ಕೊಂಕಣಿಗೆ ಇಳಿಯುತ್ತಾಳೆ. “ಅಗೊ ಬಾಯ್! ಕಿತೆಂ ಹೆಂ?” ಎಂದಳು. ಏನಿದು ಎಂದು ಕೇಳಿದ್ದು. ಉತ್ತರ ಅವಳ ಕೈಯಲ್ಲೇ ಇತ್ತು.

ವಿಜೇತಾ ತಲೆಯಿಂದ ಒಂದು ಪಿನ್ನು ತೆಗೆದು, ಬಾಕ್ಸಿಗೆ ಬಗ್ಗಿ, ಮೂರು ನಿಮಿಷಕ್ಕೆ ಎದ್ದಳು. “ಎರಡು ವೈರು ಅದ್ಲುಬದ್ಲಾಗಿತ್ತು. ಬ್ರೇಕಿಂದು ಹಾರ್ನಿಗೆ, ಹಾರ್ನಿಂದು ಬ್ರೇಕಿಗೆ. ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ? ಮತ್ತೆ ಇದ್ಕೆ ಈ ಬ್ಯಾಂಡೇಜ್ ಎಂತಕೆ?” ಎಲ್ಲರೂ ನನ್ನ ಕಡೆ ನೋಡಿದರು, ಅಷ್ಟೆ.

ನೀತಾ ನೇರ ಸಬ್ ಇನ್ಸ್‌ಪೆಕ್ಟರನ ಹತ್ತಿರ ಹೋದಳು. “ಸರ್, ಹನ್ನೊಂದಕ್ಕೆ ನನ್ನ ಪರೀಕ್ಷೆ. ಪಕ್ಕದಲ್ಲಿ ಲೈಸೆನ್ಸ್ ಇದ್ದವ್ರು ಬೇಕು. ಇವ್ರನ್ನ ನೀವು ತಕಂಡು ಹೋಗಿ. ಈ ಹುಡ್ಗಿನ ನಂಗೆ ಕೊಡಿ.”

ಹೀಗೆ ಕೈದಿಗಳ ವಿನಿಮಯ ಆಯಿತು. ಕೆಂಪು ಕಾರು ಹುಡುಗಿಯನ್ನು ಕೂರಿಸಿಕೊಂಡು ಚಿಮ್ಮಿ ಹೋಯಿತು. ನಾನು ಪೊಲೀಸ್ ಜೀಪಿನ ಮುಂದಿನ ಸೀಟು ಹತ್ತಿದೆ. “ಬಂಧನ! ಶಾಂತಾರಾಮಣ್ಣನ ಬಂಧನ!” ಎಂದು ಮಾಸ್ತಿ ಚೀರಿದ. ಹಾಗೇನಿಲ್ಲ, ಮನೆಗೆ ಹೋಗು ಎಂದು ಕೈಯಾಡಿಸಿದೆ. ಅವನು ಅದನ್ನು ಕ್ರಾಂತಿಕಾರಿ ವಂದನೆ ಎಂದು ತಿಳಿದು ತಿರುಗಿ ಮುಷ್ಟಿ ಎತ್ತಿದ.

ಸಬ್ ಇನ್ಸ್‌ಪೆಕ್ಟರೇ ಜೀಪು ಓಡಿಸಿದ. ದಾರಿಯಲ್ಲಿ ಹೇಳಿದ, “ನಮ್ಮಪ್ಪ ಹೆಡ್ ಕಾನ್‌ಸ್ಟೇಬಲ್ ಇದ್ರು. ನಿಮ್ಮ ಜೀಪು ತಳ್ಳಿ ತಳ್ಳೀ ಸೊಂಟ ಹಿಡೀತು. ಇವತ್ತಿಗೂ ಬಗ್ಗೂಕೆ ಆಗೂದಿಲ್ಲ.” ನಾನು ವಿಷಾದ ವ್ಯಕ್ತಪಡಿಸಿದೆ. ನನ್ನ ಮೊಣಕಾಲಿನ ಹತ್ತಿರ ಜೀಪಿನ ಫ್ಯೂಸ್ ಬಾಕ್ಸು ಮುಚ್ಚಳವಿಲ್ಲದೆ ಬಾಯಿ ತೆರೆದುಕೊಂಡಿತ್ತು. “ಇದಕ್ಕೊಂದು ಮುಚ್ಚಳ ಹಾಕಿಸಿ ಸಾಹೇಬರೆ, ಧೂಳು ಹೋಗ್ತದೆ” ಎಂದು ಪ್ರಾಯಶ್ಚಿತ್ತದ ರೂಪದಲ್ಲಿ ತಾಂತ್ರಿಕ ಸಲಹೆಯನ್ನೂ ಕೊಟ್ಟೆ. ಠಾಣೆಯ ಎದುರು ಜೀಪು ನಿಲ್ಲಿಸಿ, ಅವನು ಇಳಿದು ಯಾರೊಡನೆಯೋ ಮಾತಾಡಿ, ಆಮೇಲೆ ನನ್ನನ್ನು ಇಳಿಸಿಕೊಂಡ.

ಒಳಗೆ ಒಂದು ಕಾಗದ ಮುಂದಿಟ್ಟ. ಕೇಸೇನೂ ಬೇಡ, ಒಂದು ಮುಚ್ಚಳಿಕೆ ಬರೆದುಕೊಟ್ಟು ಹೋಗಿ. ಆರು ಸಲ ಒಳಗೆ ಹೋಗಿಬಂದವನು ನಾನು, ಒಮ್ಮೆಯೂ ಮುಚ್ಚಳಿಕೆಗೆ ಸಹಿ ಹಾಕಿದವನಲ್ಲ. ಈಗ ಬರೆದದ್ದು ಇದು: ‘ನಾನು ಕಟ್ಟಿದ ಫ್ಯೂಸ್ ಬಾಕ್ಸ್ ಬಿದ್ದುಹೋಗಿದ್ದರಿಂದಲೂ, ಫ್ಯೂಸು ನನ್ನ ಕಿಸೆಯಲ್ಲೇ ಇದ್ದದ್ದು ನನಗೆ ತಿಳಿಯದ್ದರಿಂದಲೂ ರಸ್ತೆ ಬಂದ್ ಆಯಿತು. ಇನ್ನು ಮುಂದೆ ನನ್ನ ಜೀವಮಾನದಲ್ಲಿ ಯಾವ ವಾಹನದ ಫ್ಯೂಸನ್ನೂ ಮುಟ್ಟುವುದಿಲ್ಲ.’ ಸಹಿ ಹಾಕಿದೆ. ಅಕ್ಷರ ಚೆನ್ನಾಗಿದೆ ಎಂದು ರೈಟರು ಹೊಗಳಿದ.

ಹನ್ನೆರಡಕ್ಕೆ ನೀತಾ ಠಾಣೆಯ ಬಾಗಿಲಿಗೆ ಬಂದಳು, ಮುಖ ಹಬ್ಬದ ಹಾಗೆ. ಪಾಸು! “ಎಂಟು ಹೊಡೆಸಿದ್ರು. ಹಿಂದೆ ತೆಗೆಸಿದ್ರು. ದಿಣ್ಣೆ ಮೇಲೆ ನಿಲ್ಲಿಸಿ ಬಿಡಿಸಿದ್ರು. ‘ಟೀಚರ್, ಇಂಥ ಗಾಡಿ ನಾವೂ ಓಡ್ಸಲಿಲ್ಲ’ ಅಂದ್ರು!” ನನಗೂ ಖುಷಿಯಾಯಿತು. ಅವಳ ಹಿಂದೆ, ಸುದ್ದಿ ಕೇಳಿ ಮಾಜಾಳಿಯಿಂದ ಓಡಿಬಂದ ರೂಪೇಶ ನಿಂತಿದ್ದ. ನನ್ನನ್ನು ನೋಡಿ, “ಮಾಮಾ, ನಿಂಗೇ ಹೇಳಿದ್ದೆ” ಎಂದ. ಊಟಕ್ಕೆ ಅವನೂ ಅಂಕೋಲೆಗೆ. ಸೀಟು ಎರಡೇ.

“ನಿಮ್ಗೆ ಬಸ್ಸದೆ” ಎಂದಳು ನೀತಾ. ಮೂವತ್ತಾರು ವರ್ಷದಿಂದ ಆ ಮಾತನ್ನು ಹೇಳಲು ಕಾದಿದ್ದಳೇನೋ, ಬಾಯಲ್ಲಿ ಬೆಲ್ಲವಿಟ್ಟುಕೊಂಡ ಹಾಗೆ ಹೇಳಿದಳು.

ಒಂದೂವರೆಗೆ ನನಗೆ ಬಸ್ಸು ಸಿಕ್ಕಿತು. ಅರ್ಗಾದ ಹತ್ತಿರ ನಿಂತಿತು. ಅರ್ಧ ಗಂಟೆಯಾದರೂ ಅಲುಗಲಿಲ್ಲ. ಕಿಟಕಿಯಿಂದ ಕತ್ತು ಹಾಕಿ ನೋಡಿದೆ. ನಮ್ಮ ಮುಂದೆ ಎರಡೇ ವಾಹನ. ಅದರಾಚೆ ರಸ್ತೆಗೆ ಅಡ್ಡವಾಗಿ ಮಾಸ್ತಿಯ ಅಂಗಡಿಯ ಬೆಂಚು, ಅದರ ಮೇಲೆ ಬಾವುಟ, ಸುತ್ತ ನಲವತ್ತು ಜನ.

“ಶಾಂತಾರಾಮಣ್ಣನನ್ನು!”

“ಬಿಡುಗಡೆ ಮಾಡಿ!”

ಇಳಿದು, ಬಿಡುಗಡೆಯಾಗಿದ್ದೇನೆ ಎಂದು ಹೇಳಬೇಕು ತಾನೆ? ಏಳಲು ಹೊರಟೆ. ಪಕ್ಕದಲ್ಲಿದ್ದವನು, “ಯಾರ್ರ ಅವ ಶಾಂತಾರಾಮ? ಸಿಕ್ಕರೆ ಕಾಲು ಮುರೀತೆ. ಬೆಳಿಗ್ಗೆ ಹೋಗೂವಾಗೂ ಅವಂದೇ ಕಾಟ, ಬರೂವಾಗೂ ಅವಂದೇ” ಎಂದ. ಹಿಂದಿನ ಸೀಟಿನವರು ಇನ್ನೂ ವಿವರವಾದ ಕಾರ್ಯಕ್ರಮವೊಂದನ್ನು ಮಂಡಿಸಿದರು. ನಾನು ಮತ್ತೆ ಕೂತೆ, ಟವೆಲು ಮುಖದ ಮೇಲೆ ಎಳೆದುಕೊಂಡೆ.

ಕಂಡಕ್ಟರು ಫೋನಿನಲ್ಲಿ ಮಾತಾಡಿ ಬಂದು ಸಾರಿದ, “ಸಂಜೆವರೆಗೂ ಇಷ್ಟೇ ನೋಡಿ. ಪೊಲೀಸ್ರು ಬರೂಕೆ ಹೊರಟಾರಂತೆ, ಜೀಪು ಸ್ಟಾರ್ಟೇ ಆಗೂದಿಲ್ಲಂತೆ. ಈಗ ತಳ್ತಾ ಇದ್ದಾರಂತೆ.”

ಅಷ್ಟರಲ್ಲಿ ನನ್ನ ಫೋನು. ನೀತಾ. “ಎಲ್ಲಿದೀರಿ? ಊಟ ಆರ್ತದೆ.” ಟವೆಲಿನೊಳಗಿನಿಂದಲೇ ಪಿಸುಗುಟ್ಟಿದೆ, “ಅರ್ಗಾದಲ್ಲಿ ರಸ್ತೆ ಬಂದ್. ಪೊಲೀಸರು ಬರುವವರೆಗೆ ಆಗುವುದಿಲ್ಲ. ಅವರ ಜೀಪು ಅದೇನೋ ಸ್ಟಾರ್ಟ್ ಆಗ್ತಾ ಇಲ್ಲವಂತೆ.”

ಆ ಕಡೆ ಸೌಟು ಪಾತ್ರೆಗೆ ಬಿತ್ತು.

“ಆ ಜೀಪಲ್ಲಿ ನೀವು ಎಲ್ಲಿ ಕೂತಿದ್ರಿ?”

“ಮುಂದೆ. ಯಾಕೆ?”

“ಎಡಗಿಸೆ ನೋಡ್ಕಳಿ.”

ಕನ್ನಡಕದ ಡಬ್ಬಿ. ಅದರ ಕೆಳಗೆ ನೀಲಿ ಬಣ್ಣದ್ದು, ಹದಿನೈದು ಆಂಪಿಯರಿನದು. ನನ್ನ ಮೈಯ ಬಿಸಿಗೆ ಬೆಚ್ಚಗಾಗಿತ್ತು.

“ಸಿಕ್ತಾ?”

“ಹೂಂ.”

ಫೋನಿನೊಳಗೆ ಕುರ್ಚಿ ಸರಿದ ಸದ್ದು. ಮೊಳೆಯಿಂದ ಕೀಲಿ ತೆಗೆದ ಸದ್ದು. ಆಮೇಲೆ ಎಂಜಿನ್ನು, ಮೊದಲ ಸಲಕ್ಕೇ.

“ನೀತಾ, ಎಲ್ಲಿಗೆ?”

“ಮಾಜಾಳಿಗೆ. ಸಿಟ್ಟು ಬಂದದೆ. ಇಳಿಯೂದ್ರೊಳಗೆ ಮುಟ್ಟಬೇಕು.”

“ಅಲ್ಲವೇ, ರಸ್ತೆ ಬಂದ್ ಇದೆ ಎಂದೆನಲ್ಲ...” ಫೋನು ಆಗಲೇ ಕಟ್ಟಾಗಿತ್ತು.

ಅಂಕೋಲೆಯಿಂದ ಅರ್ಗಾಕ್ಕೆ ಅವಳ ಈಗಿನ ಕೈಯಲ್ಲಿ ಅರ್ಧ ಗಂಟೆ. ನಾನು ಫ್ಯೂಸನ್ನು ಮುಷ್ಟಿಯಲ್ಲಿ ಹಿಡಿದು ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿದೆ. ಕಾರವಾರದ ಕಡೆಯಿಂದ ಬರಲಾರದ ಪೊಲೀಸ್ ಜೀಪು. ಅಂಕೋಲೆಯ ಕಡೆಯಿಂದ ಬಂದೇ ಬರುವ ಕೆಂಪು ಕಾರು. ನಡುವೆ ಬೆಂಚಿನ ಮೇಲೆ ನಿಂತು ಮಾಸ್ತಿ ನನಗೆ ಜೈಕಾರ ಹಾಕುತ್ತಿದ್ದ.